ಎತ್ತಿದ ಕಿರುಬೆರಳು

ಆ ದಿನ ಮಧ್ಯಾಹ್ನ ನಾನು ಕಿತ್ತಳೆ ಹಣ್ಣು ತಿನ್ನುತ್ತಿದ್ದೆ. ಹಣ್ಣಿನ ಮೈಯೆಲ್ಲ ತೂತು. ನಮ್ಮ ಮನೆಗೆ ಬಂದ ಯಾವ ಕಿತ್ತಳೆಯೂ ಇಡಿಯಾಗಿ ನನ್ನ ಬಾಯಿಗೆ ಬಂದದ್ದಿಲ್ಲ. ನನ್ನ ತಂಗಿ ಕೀಲುಗಳ ಶಸ್ತ್ರವೈದ್ಯೆ. ಸಂಜೆ ಆಸ್ಪತ್ರೆಯಿಂದ ಬಂದು ಚಹಾ ಕುಡಿದು, ಹಳೆಯ ಸ್ವೆಟರ್ ತೊಟ್ಟು, ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಳ್ಳುವಳು. ಪೆಟ್ಟಿಗೆಯೊಳಗೆ ಒಂದು ಕಿತ್ತಳೆ. ಪೆಟ್ಟಿಗೆಗೆ ಎರಡು ಸಣ್ಣ ಕಿಂಡಿ. ಒಂದು ಕಿಂಡಿಯಿಂದ ಕ್ಯಾಮೆರಾ ಇರುವ ಕಡ್ಡಿ, ಇನ್ನೊಂದರಿಂದ ಕೊಕ್ಕೆ ಇರುವ ಕಡ್ಡಿ. ಹಣ್ಣಿನ ಕಡೆ ತಿರುಗಿಯೂ ನೋಡದೆ, ಎದುರಿಗಿಟ್ಟ ಪರದೆಯನ್ನಷ್ಟೇ ನೋಡುತ್ತ ಸಿಪ್ಪೆ ಸುಲಿಯುವಳು. ಹಣ್ಣಿನಿಂದ ರಸ ಒಸರಿದರೆ ಸೋತ ಹಾಗೆ. ಗೆದ್ದ ಹಣ್ಣೂ ಸೋತ ಹಣ್ಣೂ ಮರುದಿನ ನನ್ನ ಪಾಲಿಗೆ.

"ಇಷ್ಟು ವರ್ಷ ಆಪರೇಷನ್ ಮಾಡಿದೀಯ. ಇನ್ನೂ ಯಾಕೆ ಈ ಹಣ್ಣಿನ ಗೋಳು?" ಎಂದು ಒಮ್ಮೆ ಕೇಳಿದ್ದೆ.

"ನೀನು ಇಷ್ಟು ವರ್ಷ ಪ್ರಾರ್ಥನೆ ಮಾಡಿದೀಯಲ್ಲ ಅಕ್ಕ, ದಿನಾ ಬೆಳಗಾದ್ರೆ ಮತ್ತೆ ಯಾಕೆ ಕೂರ್ತೀಯ?" ಎಂದಳು. 

ಆ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಅವಳ ವಿಭಾಗದ ಮುಖ್ಯಸ್ಥರು ನಿಂತಿದ್ದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಾರೆ. ಅವರ ಹಿಂದೆ ಒಬ್ಬ ಹಿರಿಯ ನರ್ಸ್. ದೊಡ್ಡ ಡಾಕ್ಟರು ಬೂಟಿನ ದಾರ ಬಿಚ್ಚಲು ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು. ಯಾವಾಗ ಬಂದರೂ ನನ್ನನ್ನು "ಅಮ್ಮಾವ್ರೇ" ಎಂದು ಕರೆಯುತ್ತಿದ್ದವರು, ಎದ್ದು ನಿಂತು "ಅಕ್ಕ" ಎಂದರು. ಆ ಮಾತನ್ನು ಜಗತ್ತಿನಲ್ಲಿ ನನಗೆ ಹೇಳುವವಳು ಒಬ್ಬಳೇ ಇದ್ದಳು. ಅದು ಬೇರೆಯವರ ಬಾಯಿಂದ ಬಂದಾಗಲೇ ನನಗೆ ತಿಳಿದುಹೋಯಿತು.

"ಪಾಠ ಹೇಳ್ತಾ ಇದ್ರು. ತಲೆ ನೋವು ಅಂದ್ರು, ಕೂತ್ಕೊಂಡ್ರು. ಅಷ್ಟೇ ಅಕ್ಕ. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ಸುತ್ತ ಅಷ್ಟು ಜನ ಡಾಕ್ಟರುಗಳಿದ್ವಿ..." ಎಂದರು.

ನನ್ನ ಕೈಯಲ್ಲಿ ಇನ್ನೂ ಒಂದು ತೊಳೆ ಇತ್ತು. ಅದನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ನರ್ಸ್ ಬಂದು ನನ್ನ ಬೆರಳುಗಳಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

ನಮ್ಮ ತಾಯಿ ತೀರಿಕೊಂಡಾಗ ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು, ನಾನು ಎರಡು ಜಡೆ ಹಾಕುವ ವಯಸ್ಸಿನವಳು. ಅವಳಿಗೆ ಅನ್ನ ಕಲಸಿ ತಿನ್ನಿಸಿದ್ದು, ಗುಂಡಿ ಹಾಕುವುದನ್ನು ಕಲಿಸಿದ್ದು, ಮೊದಲ ಅಕ್ಷರ ತಿದ್ದಿಸಿದ್ದು ಎಲ್ಲ ನಾನೇ. ಅವಳು ಏಳೆಂಟು ವರ್ಷದವಳಿದ್ದಾಗ ಶಾಲೆಯ ಗೋಡೆ ಹತ್ತಿ ಬಿದ್ದು ಬಲಗೈಯ ಕಿರುಬೆರಳು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೆ ನೋವು ಹೋಯಿತು, ಬೆರಳು ಮಾತ್ರ ಮಡಚಲಿಲ್ಲ. ನೆಟ್ಟಗೆ ಕಡ್ಡಿಯ ಹಾಗೆ ನಿಂತುಬಿಟ್ಟಿತು. ಪೆನ್ಸಿಲ್ ಹಿಡಿದರೆ ಆ ಬೆರಳು ಹೊರಗೆ ಚಾಚಿಕೊಳ್ಳುತ್ತಿತ್ತು. ಮುಂದೆ ನಾನು ಶಾಲೆಯ ಉಪಾಧ್ಯಾಯಿನಿಯಾಗಿ ಎಷ್ಟೋ ಮಕ್ಕಳ ಬೆರಳು ಹಿಡಿದು ಪೆನ್ಸಿಲ್ ಸರಿಮಾಡಿದೆ. ನನ್ನ ತಂಗಿಯ ಬೆರಳನ್ನು ಸರಿಮಾಡಲು ಹೋಗಲಿಲ್ಲ. ಅದು ಅವಳ ಬೆರಳು, ಅದು ಹಾಗೆಯೇ.

ನೋಡಿದವರಿಗೆ ಅದು ಊನವೆಂದು ಗೊತ್ತಾಗುತ್ತಿರಲಿಲ್ಲ. ಒಯ್ಯಾರಕ್ಕೆ ಬೆರಳೆತ್ತುತ್ತಾಳೆ ಎಂದುಕೊಳ್ಳುತ್ತಿದ್ದರು. ಅವಳೂ ಯಾರಿಗೂ ಬಿಡಿಸಿ ಹೇಳಿದವಳಲ್ಲ. ಯಾರಾದರೂ ಅಯ್ಯೋ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡ ಡಾಕ್ಟರು ನಮ್ಮ ಮನೆಯಲ್ಲೇ ಒಮ್ಮೆ, "ನೋಡಿ ಅಮ್ಮಾವ್ರೇ, ನಿಮ್ಮ ತಂಗಿ ಆಪರೇಷನ್ ಮಾಡೋದೂ ರಾಣಿ ಚಹಾ ಕುಡಿಯೋ ಹಾಗೇ" ಎಂದು ನಕ್ಕಿದ್ದರು. ತಂಗಿಯೂ ನಕ್ಕಳು. ಮೇಜಿನ ಕೆಳಗೆ ನನ್ನ ಪಾದವನ್ನು ಒತ್ತಿದಳು.

ಅವಳು ಹೋದ ಮೇಲೆ ನಾನು ಬೆಳಗಿನ ದೀಪ ಹಚ್ಚುತ್ತಿದ್ದೆ, ಕೂರುತ್ತಿದ್ದೆ. ಮಾತು ಬರುತ್ತಿರಲಿಲ್ಲ. ಕೇಳುವವನಿಗೆ ನನ್ನ ಮನಸ್ಸು ಗೊತ್ತಿದೆ ಎಂದು ಸುಮ್ಮನೆ ಕೂತು ಏಳುತ್ತಿದ್ದೆ. ಮನೆ ಅಚ್ಚುಕಟ್ಟಾಗಿಬಿಟ್ಟಿತ್ತು. ಮೇಜಿನ ಮೇಲೆ ಸಿಪ್ಪೆ ಇಲ್ಲ, ಬಚ್ಚಲಿನಲ್ಲಿ ಹಾಡಿಲ್ಲ. ಆಕಾಶವಾಣಿ ಹಾಕಿದರೂ ಮನೆಯ ಮೌನ ಅದರ ಪಕ್ಕದಲ್ಲಿ ಕೂತೇ ಇರುತ್ತಿತ್ತು. ಒಂದು ದಿನ ಅವಳ ಬಟ್ಟೆ ಮಡಿಸಿಡಲು ಕಪಾಟು ತೆರೆದರೆ ಹೊದಿಕೆಗಳ ನಡುವೆ ಒಂದು ರಬ್ಬರಿನ ಮಂಡಿ ಸಿಕ್ಕಿತು. ಅದರ ಹಿಂದೆ ಒಂದು ಕಟ್ಟು ಕಡ್ಡಿ, ಕೊಕ್ಕೆ. ಪಾಠ ಹೇಳಲು ಬಳಸುವ ಆಸ್ಪತ್ರೆಯ ಸಾಮಾನು. ಅದನ್ನು ಹಿಂದಿರುಗಿಸಬೇಕು ಎಂದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಚೀಲದ ಬಾಯಿಂದ ಮಂಡಿ ಇಣುಕುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಎದ್ದುಹೋಗಿ ಬೇರೆ ಕಡೆ ಕೂತಳು. ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ನಗು ಬಂತು. ಕೂಡಲೇ, ಇದನ್ನು ಮನೆಗೆ ಹೋಗಿ ಯಾರಿಗೆ ಹೇಳಲಿ ಎಂದುಕೊಂಡೆ.

ತಂಗಿ ಪಾಠ ಹೇಳುತ್ತಿದ್ದ ಕೋಣೆ ಆಸ್ಪತ್ರೆಯ ಕೊನೆಯ ಮಹಡಿಯಲ್ಲಿ, ಒಗೆದ ಬಟ್ಟೆ ಇಡುವ ಕೋಣೆಯನ್ನು ದಾಟಿದ ಮೇಲೆ ಇದೆ. ಗಾಜಿನ ಬಾಗಿಲು. ಒಳಗೆ ಉದ್ದನೆಯ ಮೇಜಿಗೆ ಬಿಗಿದ ಪ್ಲಾಸ್ಟಿಕ್ಕಿನ ಕಾಲುಗಳು. ತೊಡೆಯ ಅರ್ಧದಿಂದ ಪಾದದವರೆಗೆ, ಮಂಡಿ ಮಡಚಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ಕೂತಿವೆ. ಒಂದೊಂದರ ಎದುರಿಗೆ ಒಂದೊಂದು ಪರದೆ. ಮಂಡಿಚಿಪ್ಪಿನ ಎಡಬಲಕ್ಕೆ ಎರಡು ತೂತು. ಎಡಗೈಯಲ್ಲಿ ಕ್ಯಾಮೆರಾ, ಬಲಗೈಯಲ್ಲಿ ಕೊಕ್ಕೆ ಹಿಡಿದು ತೂರಿಸಿದರೆ ಪರದೆಯ ಮೇಲೆ ಕೀಲಿನ ಒಳಗೆಲ್ಲ ಕಾಣುತ್ತದೆ. ಎಲುಬಿನ ತುದಿಗೆ ಹೊದಿಸಿದ ನುಣ್ಣನೆಯ ಬಿಳುಪು, ನಡುವೆ ಅರ್ಧಚಂದ್ರದ ಹಾಗಿರುವ ಮೆತ್ತೆ. ಕೊಕ್ಕೆಯಿಂದ ಆ ಮೆತ್ತೆಯ ಅಂಚನ್ನು ಎತ್ತಿ ನೋಡಬೇಕು. ಬಿಳುಪನ್ನು ಗೀರಿದರೆ ಯಂತ್ರ ಅಲ್ಲಿ ಕೆಂಪು ಬಣ್ಣ ತೋರಿಸುತ್ತದೆ. ಯಂತ್ರದ ಹೆಸರು ಸಿಮ್ಯುಲೇಟರ್. ತಂಗಿ ಸುಳ್ಳು ಮಂಡಿ ಎನ್ನುತ್ತಿದ್ದಳು. ಸುಳ್ಳು ಮಂಡಿಯಲ್ಲಿ ತೇರ್ಗಡೆಯಾಗದವರು ನಿಜದ ಮಂಡಿ ಮುಟ್ಟಬಾರದು ಎಂಬುದು ಅವಳೇ ಮಾಡಿದ ನಿಯಮ. "ಕಲಿಯೋರ ತಪ್ಪನ್ನ ರೋಗಿ ಯಾಕೆ ಹೊರಬೇಕು? ಪ್ಲಾಸ್ಟಿಕ್ ಹೊರಲಿ, ಅದಕ್ಕೇನು ದಾಡಿ?" ಎನ್ನುತ್ತಿದ್ದಳು.

ನಾನು ಬಾಗಿಲು ತಳ್ಳಿದಾಗ ಅವಳ ದನಿ ಕೇಳಿಸಿತು.

"ಅವಸರ ಬೇಡ. ಒಳಗೆ ಹೋದ ತಕ್ಷಣ ಏನನ್ನೂ ಮುಟ್ಟಬೇಡಿ. ಮೊದಲು ಸುಮ್ನೆ ನೋಡಿ. ಬೇರೆಯವರ ಮನೆಗೆ ಹೋದಾಗ ಬಾಗಿಲಲ್ಲೇ ಅವರ ಪಾತ್ರೆ ಪಗಡ ಎತ್ತಿ ನೋಡ್ತೀರಾ?"

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಗೋಡೆಯ ದೊಡ್ಡ ಪರದೆಯ ಮೇಲೆ ಅವಳ ಕೈಗಳು ಆಡುತ್ತಿದ್ದವು. ಮುಖವಿಲ್ಲ, ತೋಳಿಲ್ಲ. ಕೈಗವಸು ತೊಟ್ಟ ಎರಡು ಕೈ ಮಾತ್ರ, ಬಲಗೈಯ ಕಿರುಬೆರಳು ಎಂದಿನಂತೆ ನೆಟ್ಟಗೆ. ಅವಳು ಎಂದೋ ಚಿತ್ರೀಕರಿಸಿಟ್ಟ ಪಾಠಗಳು ಅವು. ಅವಳು ತೀರಿಕೊಂಡ ಮರುತಿಂಗಳು ಕಲಿಯಲೆಂದು ಹೊಸ ಎಳೆಯ ಡಾಕ್ಟರುಗಳು ಬಂದಿದ್ದರು. ಹಿಂದಿನ ತಂಡದವರು ಕಲಿತು ಬೇರೆ ಊರು ಸೇರಿದ್ದರು. ಹೇಳಿಕೊಡುವವರಿಲ್ಲದೆ ದೊಡ್ಡ ಡಾಕ್ಟರು ಅವರನ್ನು ಈ ಪಾಠಗಳ ಮುಂದೆ ನಿಲ್ಲಿಸಿದ್ದರು.

ಆಮೇಲೆ ನಾನು ಆ ಮಕ್ಕಳ ಕೈ ನೋಡಿದೆ.  ಒಬ್ಬೊಬ್ಬರ ಬಲಗೈಯಲ್ಲೂ ಕಿರುಬೆರಳು ಮೇಲೆದ್ದು ನಿಂತಿತ್ತು. ನನ್ನ ತಂಗಿಯ ಬೆರಳು. ಮಣ್ಣು ಸೇರಿತೆಂದು ನಾನು ಅಳುತ್ತಿದ್ದ ಬೆರಳು ಈ ಕೋಣೆಯ ತುಂಬ ಚಿಗುರಿ ನಿಂತಿತ್ತು. ದೇವರ ಕರುಣೆ ಎಂಬುದು ಇಷ್ಟು ಕಣ್ಣಿಗೆ ಕಾಣುವ ಹಾಗೆ ನನ್ನೆದುರು ಎಂದೂ ಬಂದಿರಲಿಲ್ಲ.

"ಯಾರು ಬೇಕಿತ್ತು ಅಮ್ಮ?" ಎಂದು ಒಬ್ಬ ಹುಡುಗ ಕೇಳಿದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವನನ್ನು ಎಲ್ಲರೂ ಒಂಟೆ ಎಂದು ಕರೆಯುತ್ತಾರೆಂದು ಆಮೇಲೆ ತಿಳಿಯಿತು.

ನಾನು ಚೀಲದಿಂದ ಮಂಡಿ ತೆಗೆದು ಮೇಜಿನ ಮೇಲಿಟ್ಟೆ. "ನಿಮ್ಮ ಮೇಡಂ ಅಕ್ಕ ನಾನು" ಎಂದೆ.

ಎಲ್ಲರೂ ಕೈಯಲ್ಲಿದ್ದುದನ್ನು ಇಟ್ಟು ನಿಂತರು. ಅವರಲ್ಲಿ ಚಿಕ್ಕ ಮೈಯ ಹುಡುಗಿಯೊಬ್ಬಳು ಸ್ಟೂಲು ಎಳೆದು ತಂದಳು. ಅವಳ ಅಡ್ಡಹೆಸರು ಗುಬ್ಬಿ. "ನಾವು ಅವರನ್ನ ಅಮ್ಮ ಅಂತೀವಿ. ನೋಡಿಲ್ಲ, ಆದ್ರೂ ಅಂತೀವಿ. ನಿಮ್ಮನ್ನ ಏನಂತ ಕರೀಲಿ?" ಎಂದಳು.

"ಅವಳು ಅಮ್ಮ ಆದ್ರೆ ನಾನು ದೊಡ್ಡಮ್ಮ. ಇದಕ್ಕೂ ಸಿಮ್ಯುಲೇಟರ್ ಬೇಕಾ?" ಎಂದೆ. ನಕ್ಕರು.

ಅಂದಿನಿಂದ ನನಗೆ ಆ ಕೋಣೆಯ ಹುಚ್ಚು ಹಿಡಿಯಿತು. ಕಿತ್ತಳೆ ಒಂದು ನೆಪ. ಯಂತ್ರ ಖಾಲಿ ಇಲ್ಲದಾಗ ಅವರೂ ರಟ್ಟಿನ ಪೆಟ್ಟಿಗೆಯಲ್ಲಿ ಹಣ್ಣು ಸುಲಿದು ಕಲಿಯುತ್ತಿದ್ದರು. ಗುರುವಾರ ಬಂತೆಂದರೆ ನಾನು ಒಂದು ಚೀಲ ಕಿತ್ತಳೆ ಹೊತ್ತು ಹೋಗುತ್ತಿದ್ದೆ, ಸ್ಟೂಲಿನ ಮೇಲೆ ಕೂತು ಬೆರಳು ನೋಡುತ್ತಿದ್ದೆ. ದೊಡ್ಡ ಡಾಕ್ಟರು ಆಗಾಗ ಬಂದು ಬೆನ್ನ ಹಿಂದೆ ಕೈಕಟ್ಟಿ ಓಡಾಡುವರು. ಅವರು ದೊಡ್ಡ ಗಾಯ ಮಾಡಿ ಎಲುಬು ಜೋಡಿಸುವ ಹಳೆಯ ಕಾಲದ ವೈದ್ಯರು, ಕಿಂಡಿಯ ಕೆಲಸ ಅವರದಲ್ಲ. "ಮೇಡಂ ಹೇಗೆ ಹಿಡೀತಾರೋ ಹಾಗೇ ಹಿಡೀರಿ. ಕೂದಲೆಳೆಯಷ್ಟೂ ಬದಲಾಯಿಸಬೇಡಿ" ಎಂದು ಗದರುವರು. ಯಾರದಾದರೂ ಬೆರಳು ಸೋತು ಕೆಳಗಿಳಿದರೆ ಅವರೇ ಪೆನ್ನಿನ ತುದಿಯಿಂದ ಅದನ್ನು ಎತ್ತುವರು. ಆಗ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕುತ್ತಿತ್ತೆಂದರೆ ಹೇಳಲಾರೆ.

ಗುಬ್ಬಿಯ ಕೈ ಮಾತ್ರ ಪಳಗುತ್ತಿರಲಿಲ್ಲ. ಕೊಕ್ಕೆಯ ತುದಿ ನಡುಗುತ್ತಿತ್ತು. ಮೆತ್ತೆಯನ್ನು ಎತ್ತಲು ಹೋದರೆ ಪಕ್ಕದ ಬಿಳುಪನ್ನು ಗೀರಿ ಪರದೆ ಕೆಂಪಾಗುತ್ತಿತ್ತು. ಒಂದು ಪರೀಕ್ಷೆಯಲ್ಲಿ ಅವಳು ಆಗಲೇ ನಪಾಸಾಗಿದ್ದಳು. ಇನ್ನೊಂದು ಅವಕಾಶವಿತ್ತು. ಅದೂ ತಪ್ಪಿದರೆ ಕೀಲಿನ ವಿಭಾಗ ಬಿಟ್ಟು ಬೇರೆ ಕಡೆ ಹೋಗಬೇಕು.

"ಉಳಿದೋರದ್ದೂ ನಡುಗುತ್ತೆ ದೊಡ್ಡಮ್ಮ. ಅವರ ಕೈ ದೊಡ್ಡದು, ಹೇಗೋ ಬಿಗಿ ಹಿಡಿದು ನಿಭಾಯಿಸ್ತಾರೆ. ನನ್ನದು ಗುಬ್ಬಿ ಕೈ" ಎಂದಳು.

"ಬೇರೆ ಕಡೆ ಹೋದ್ರೇನಂತೆ? ಡಾಕ್ಟರಾಗೇ ಇರ್ತೀಯಲ್ಲ."

ಅವಳು ಗೋಡೆಯ ಪರದೆಯ ಕಡೆ ನೋಡಿದಳು. "ಅವರ ಹತ್ರ ಕಲೀಬೇಕು ಅಂತಾನೇ ಈ ಆಸ್ಪತ್ರೆಗೆ ಸೇರ್ದೆ. ಪೆಟ್ಟಿಗೆ ಕಟ್ಕೊಂಡು ಬರೋ ಹೊತ್ತಿಗೆ ಅವರೇ ಇರ್ಲಿಲ್ಲ. ನನಗೆ ಸಿಕ್ಕಿದ್ದು ಈ ಎರಡು ಕೈ. ಅಷ್ಟಾದ್ರೂ ಸರಿಯಾಗಿ ಕಲೀಬೇಡ್ವಾ?"

ನನ್ನಂತೆಯೇ ಇವಳೂ ಆ ಕೈಗಾಗಿ ಹಸಿದವಳು ಎಂದು ಅವಳ ತಲೆ ಸವರಿದೆ.

ಮುಂದಿನ ಗುರುವಾರ ಒಂಟೆಗೆ ತುಂಟತನ ಬಂತು. "ದೊಡ್ಡಮ್ಮ, ಸುಮ್ನೆ ಕೂತು ಬೇಜಾರಾಗಲ್ವಾ? ಬನ್ನಿ, ಒಂದು ಆಪರೇಷನ್ ಮಾಡಿ" ಎಂದು ಸುಳ್ಳು ಮಂಡಿಯ ಮುಂದೆ ನನ್ನನ್ನು ನಿಲ್ಲಿಸಿದ. ನಾನು ಬೇಡ ಬೇಡ ಎನ್ನುತ್ತಲೇ ಕಡ್ಡಿಗಳನ್ನು ಹಿಡಿದೆ. ಒಳಗೆ ಹೋದದ್ದೇ ತಡ, ಎತ್ತ ತಿರುಗಿದರೂ ಕೆಂಪು.

"ದೊಡ್ಡಮ್ಮ, ರೋಗಿ ಎದ್ದು ಓಡಿಹೋದ!"

"ಓಡಿದ ಅಂದ್ರೆ ಮಂಡಿ ವಾಸಿ ಆಯ್ತು ಅಂತ ತಾನೇ? ಬಿಲ್ ಕೊಡೋ" ಎಂದೆ. ಕೋಣೆಯೆಲ್ಲ ನಗೆ.

ಗುಬ್ಬಿ ಮಾತ್ರ ಗಂಭೀರವಾಗಿ ನನ್ನ ಕೈ ನೋಡುತ್ತಿದ್ದಳು. "ಬೆರಳು ಎತ್ತಿ ದೊಡ್ಡಮ್ಮ. ಕಿರುಬೆರಳು" ಎಂದಳು. ನಾನು ನನಗೇ ತಿಳಿಯದೆ ಕಿರುಬೆರಳನ್ನು ಪ್ಲಾಸ್ಟಿಕ್ ಕಾಲಿನ ಮೇಲೆ ಊರಿದ್ದೆ, ಬರೆಯುವವರು ಕಾಗದದ ಮೇಲೆ ಊರುವ ಹಾಗೆ. ಅವಳ ಮಾತಿಗೆ ಅದನ್ನು ಎತ್ತಿದೆ.

ಎತ್ತಿದ್ದೇ ತಡ, ಕೈ ಗಾಳಿಯಲ್ಲಿ ತೇಲಿತು. ಆಧಾರವೇ ಇಲ್ಲ. ಕೊಕ್ಕೆಯ ತುದಿ ಅತ್ತಿತ್ತ ಹೊಯ್ದಾಡಿತು. ಭಾರವೆಲ್ಲ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಭುಜಕ್ಕೆ ಏರಿತು. ಅರೆಗಳಿಗೆಯಲ್ಲಿ ತೋಳು ಸೋತುಹೋಯಿತು. ಅಲ್ಲಿಯವರೆಗೆ ನಾನು ಆ ಬೆರಳನ್ನು ಕಣ್ಣಿಂದ ನೋಡಿದ್ದೆ ಅಷ್ಟೇ. ಆ ದಿನ ಅದು ನನ್ನ ಕೈಗೆ ಬಂತು. ನನ್ನ ತಂಗಿ ಒಂದು ಆಯುಷ್ಯವೆಲ್ಲ ಹೀಗೆ ಆಧಾರವಿಲ್ಲದ ಕೈಯಲ್ಲಿ ಕೆಲಸ ಮಾಡಿದ್ದಳು.

ಮನೆಗೆ ಬಂದು ಅವಳ ಸ್ವೆಟರುಗಳನ್ನು ಹರವಿಕೊಂಡು ಕೂತೆ. ಎಲ್ಲವೂ ಒಂದೇ ಕಡೆ ಸವೆದಿದ್ದವು. ಬಲ ಪಕ್ಕೆಯ ಹತ್ತಿರ. ಅಲ್ಲಿ ನಾನೇ ಮತ್ತೆ ಮತ್ತೆ ಹೆಣೆದು ತೇಪೆ ಹಾಕಿದ್ದೆ. "ಅದೇನು ಪಕ್ಕೆಯಲ್ಲಿ ಇಲಿ ಸಾಕಿದೀಯಾ?" ಎಂದು ಗೊಣಗುತ್ತಿದ್ದೆ. ಈಗ ಕಣ್ಣಿಗೆ ಕಟ್ಟಿತು. ಕಿತ್ತಳೆ ಸುಲಿಯುವಾಗ ಅವಳು ಮೊಣಕೈಯನ್ನು ಪಕ್ಕೆಗೆ ಗಟ್ಟಿಯಾಗಿ ಒತ್ತಿ ಕೂರುತ್ತಿದ್ದಳು. ಬೆರಳು ಕೊಡದ ಆಧಾರವನ್ನು ಪಕ್ಕೆಯಿಂದ ಪಡೆಯುತ್ತಿದ್ದಳು. ಆಸ್ಪತ್ರೆಯ ಪಾಠದ ಚಿತ್ರದಲ್ಲಿ ಮಣಿಕಟ್ಟಿನಿಂದ ಮೇಲೆ ಏನೂ ಇಲ್ಲ. ಮಕ್ಕಳಿಗೆ ಬೆರಳು ಕಂಡಿತ್ತು, ಮೊಣಕೈ ಕಂಡಿರಲಿಲ್ಲ.

ಹೇಳಬೇಕಾದದ್ದು ಏನೆಂದು ಅಲ್ಲಿಯೇ ನನಗೆ ಗೊತ್ತಾಯಿತು. ಆ ಬೆರಳು ವಿದ್ಯೆಯಲ್ಲ, ಮಕ್ಕಳೇ, ಅದು ಮುರಿದ ಎಲುಬು. ಇಳಿಸಿಬಿಡಿ. ಇಷ್ಟೇ ಮಾತು. ಹೇಳಿದ ಮರುಗಳಿಗೆ ಆ ಕೋಣೆಯಲ್ಲಿ ನನ್ನ ತಂಗಿ ಇರುವುದಿಲ್ಲ. ಮರುದಿನ ಬೆಳಿಗ್ಗೆ ದೀಪದ ಮುಂದೆ ಕೂತು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ತಂದೆ, ನೀನು ಒಬ್ಬಳನ್ನು ಕರೆದುಕೊಂಡೆ, ಈ ಒಂದು ಬೆರಳನ್ನಾದರೂ ನನಗೆ ಬಿಡು. ಅವಳಂತೆ ಮೊಣಕೈ ಒತ್ತುವುದನ್ನು ಕಲಿಸಿದರೆ ಗುಬ್ಬಿಯೂ ತೇರ್ಗಡೆಯಾಗುತ್ತಾಳೆ, ಬೆರಳೂ ಉಳಿಯುತ್ತದೆ. ಹೀಗೆ ಒಂದು ದಾರಿ ನನಗೆ ಹೊಳೆಯಿತು. ಅದನ್ನು ದೇವರೇ ತೋರಿಸಿದನೆಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಅಂದೇ ಹೋಗಿ ಗುಬ್ಬಿಗೆ ಹೇಳಿದೆ. "ನಿಮ್ಮಮ್ಮ ಮೊಣಕೈಯನ್ನ ಪಕ್ಕೆಗೆ ಒತ್ತಿ ಹಿಡೀತಿದ್ಲು. ಮನೇಲಿ ನೋಡಿದೀನಿ. ಹಾಗೆ ಮಾಡಿ ನೋಡು."

ಅವಳು ಮಾಡಿದಳು. ತುದಿ ನಿಂತಿತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಬೆರಳು ಮೇಲೆಯೇ ಇತ್ತು. ಗುಬ್ಬಿ ನನ್ನನ್ನು ಅಪ್ಪಿಕೊಂಡಳು. "ಎಷ್ಟು ದಿನ ಇದನ್ನ ಬಚ್ಚಿಟ್ಕೊಂಡಿದ್ರಿ ದೊಡ್ಡಮ್ಮ?" ಎಂದಳು. ಅವಳು ಮುದ್ದಿಗೆ ಹೇಳಿದ್ದು. ನನಗೆ ಅದು ಬೆನ್ನಿಗೆ ತಣ್ಣೀರು ಸುರಿದ ಹಾಗಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬೇಗನೆ ಹೋದೆ. ಕೋಣೆಯಲ್ಲಿ ಗುಬ್ಬಿ ಒಬ್ಬಳೇ ಇದ್ದಳು. ಕುರ್ಚಿಯಲ್ಲಿ ಓರೆಯಾಗಿ ಕೂತು, ಬಲಗೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು, ಎಡಗೈಯಿಂದ ತನ್ನ ಭುಜವನ್ನು ಹಿಸುಕಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿತ್ತು. ಹಲ್ಲು ಕಚ್ಚಿದ್ದಳು.

ನಾನು ಬಾಗಿಲಲ್ಲೇ ನಿಂತೆ. ನಮ್ಮ ಅಡುಗೆಮನೆಯಲ್ಲಿ ಊಟದ ಮೇಜಿನ ಪಕ್ಕದ ಕುರ್ಚಿ, ಅದೇ ಓರೆ, ಅದೇ ಬೋಗುಣಿ, ಅದೇ ಕಚ್ಚಿದ ಹಲ್ಲು. ಎಷ್ಟು ಸಂಜೆ ನಾನು ಆ ನೀರು ಬಿಸಿ ಮಾಡಿಕೊಟ್ಟಿದ್ದೆನೋ. "ವಯಸ್ಸಾಯ್ತು ಅಕ್ಕ" ಎಂದು ತಂಗಿ ಹಾರಿಸಿಬಿಡುತ್ತಿದ್ದಳು. ಈ ಹುಡುಗಿಗೆ ಏನು ವಯಸ್ಸು?

"ನೋವಾ ಮಗಳೇ?"

ಗುಬ್ಬಿ ಬೆಚ್ಚಿ ಕಣ್ಣು ತೆರೆದಳು. "ಪರವಾಗಿಲ್ಲ ದೊಡ್ಡಮ್ಮ. ಅಭ್ಯಾಸ ಆದ್ರೆ ಸರಿಹೋಗುತ್ತೆ. ಅಮ್ಮನಿಗೂ ಮೊದಮೊದಲು ನೋವಾಗಿರುತ್ತೆ ಅಲ್ವಾ?"

ಆ ಮಾತಿಗೆ ಉತ್ತರ ಕೊಡುವ ಮೊದಲೇ ದೊಡ್ಡ ಡಾಕ್ಟರು ಬಂದರು. ಅವರ ಹಿಂದೆ ಒಂಟೆ, ಇನ್ನುಳಿದವರು. ಗುಬ್ಬಿ ಕೈ ಒರೆಸಿಕೊಂಡು ಸುಳ್ಳು ಮಂಡಿಯ ಮುಂದೆ ನಿಂತಳು. ಎಡಗೈಗೆ ಕ್ಯಾಮೆರಾ, ಬಲಗೈಗೆ ಕೊಕ್ಕೆ. ಮೊಣಕೈ ಪಕ್ಕೆಗೆ ಒತ್ತಿತು, ಕಿರುಬೆರಳು ಎದ್ದು ನಿಂತಿತು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಆ ಬೆರಳಿನ ಮೇಲೆ ಬಿದ್ದಿತ್ತು. ನಾನು ಕಣ್ತುಂಬ ಅದನ್ನೊಮ್ಮೆ ನೋಡಿದೆ. ಬಾಗಿಲಲ್ಲಿ ನಿಂತು ಊರಿಗೆ ಹೊರಟವರನ್ನು ನೋಡುವ ಹಾಗೆ.

"ಶುರು ಮಾಡಮ್ಮ" ಎಂದರು ದೊಡ್ಡ ಡಾಕ್ಟರು.

"ತಾಳಿ" ಎಂದೆ.

ಎಲ್ಲರೂ ತಿರುಗಿದರು.  ನಾನು ಹೇಳಿಬಿಟ್ಟೆ. "ಡಾಕ್ಟ್ರೇ, ಅವಳ ಆ ಬೆರಳು ಮಡಚ್ತಾ ಇರ್ಲಿಲ್ಲ. ಚಿಕ್ಕವಳಿದ್ದಾಗ ಗೋಡೆಯಿಂದ ಬಿದ್ದು ಮುರಿದಿತ್ತು. ಅದಕ್ಕೇ ಎತ್ತಿ ಹಿಡೀತಿದ್ದಿದ್ದು. ಊರೋಕೆ ಆಗ್ತಿದ್ರೆ ಅವಳೂ ಊರ್ತಿದ್ಲು. ಈ ಮಕ್ಕಳ ಬೆರಳು ಚೆನ್ನಾಗಿದೆ. ಇಳಿಸೋಕೆ ಹೇಳಿ."

ದೊಡ್ಡ ಡಾಕ್ಟರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೆ" ಎಂದರು. "ಹಿಂದಿನ ಹುಡುಗರ ಬೆರಳನ್ನ ಅವರೇ ಒತ್ತಿ ಕೂರಿಸ್ತಿದ್ರು ಅಕ್ಕ. ಊರು, ಊರು ಅಂತ. ನಾನು ಕಣ್ಣಾರೆ ನೋಡಿದೀನಿ. ಮೊದಲು ಊರಿ ಕಲೀಲಿ, ಕೈ ಪಳಗಿದ ಮೇಲೆ ಎತ್ತಲಿ ಅಂತ ಇರ್ಬೇಕು ಅಂದ್ಕೊಂಡೆ. ಎತ್ತೋದೇ ಮೇಲಿನ ವಿದ್ಯೆ ಅಂದ್ಕೊಂಡೆ."

"ಚಹಾ ಕುಡಿಯೋ ರಾಣಿ ಅಂದಿದ್ರಿ" ಎಂದೆ.

"ಅಂದಿದ್ದೆ" ಎಂದರು. ಕನ್ನಡಕ ತೆಗೆದು ಒರೆಸಲು ತೊಡಗಿದರು, ಮತ್ತೆ ಹಾಕಿಕೊಳ್ಳಲೇ ಇಲ್ಲ.

ಗುಬ್ಬಿ ನನ್ನನ್ನೇ ನೋಡುತ್ತಿದ್ದಳು. ಅವಳ ಬೆರಳು ಇನ್ನೂ ಮೇಲೆಯೇ ಇತ್ತು. "ಇಳಿಸ್ಲಾ ದೊಡ್ಡಮ್ಮ?" ಎಂದಳು, ಏನೋ ಕೈಬಿಡುವವಳ ಹಾಗೆ.

ನಾನು ಹತ್ತಿರ ಹೋಗಿ ಅವಳ ಕಿರುಬೆರಳನ್ನು ಹಿಡಿದೆ. ಬೆಚ್ಚಗಿತ್ತು. ಎಳೆಯ ಬೆರಳು, ಸುಲಭವಾಗಿ ಮಡಚಿತು. ನನ್ನ ಕೈಯಾರೆ ಅದನ್ನು ಮಡಚಿ ಪ್ಲಾಸ್ಟಿಕ್ ಕಾಲಿನ ಮೇಲೆ ಊರಿದೆ. ಪೆನ್ಸಿಲ್ ಹಿಡಿಯುವ ಮಕ್ಕಳಿಗೆ ಮಾಡುತ್ತಿದ್ದೆನಲ್ಲ, ಹಾಗೆ. ಒಬ್ಬಳಿಗೆ ಮಾಡಲಾಗದೆ ಉಳಿದದ್ದನ್ನು ಇವಳಿಗೆ ಮಾಡಿದೆ.

ಪರದೆಯ ಮೇಲಿನ ಕೊಕ್ಕೆ ನಿಂತಿತು. ನಿಂತ ನೀರಿನ ಹಾಗೆ ನಿಂತಿತು. ಗುಬ್ಬಿಯ ಮೊಣಕೈ ತಾನಾಗಿಯೇ ಪಕ್ಕೆಯಿಂದ ಸಡಿಲಿತು, ಭುಜ ಇಳಿಯಿತು. ಅವಳು ಮೊದಲು ಸುಮ್ಮನೆ ನೋಡಿದಳು, ಬೇರೆಯವರ ಮನೆಯೊಳಗೆ ಹೋದವಳ ಹಾಗೆ. ಆಮೇಲೆ ಅರ್ಧಚಂದ್ರದ ಅಂಚಿಗೆ ಕೊಕ್ಕೆ ತಾಗಿಸಿ ಎತ್ತಿದಳು. ಎಲ್ಲಿಯೂ ಕೆಂಪು ಕಾಣಲಿಲ್ಲ. ಕೊನೆಗೆ ಒಂದು ಕಡೆ ಸಣ್ಣ ಗೀರು ಬಿತ್ತು, ಅವಳೇ ನಾಲಿಗೆ ಕಚ್ಚಿಕೊಂಡಳು. ಯಂತ್ರ ಅದನ್ನು ಕ್ಷಮಿಸಿ ಅವಳನ್ನು ತೇರ್ಗಡೆ ಮಾಡಿತು.

ಆಮೇಲೆ ಉಳಿದವರ ಸರದಿ. ಒಬ್ಬರ ಹಿಂದೆ ಒಬ್ಬರಂತೆ ಬೆರಳು ಇಳಿಸಿದರು. ಒಂಟೆಯ ಬೆರಳು ಮಾತ್ರ ಇಳಿದಷ್ಟು ಸಲವೂ ಚಿಮ್ಮಿ ಏಳುತ್ತಿತ್ತು. "ನನ್ನ ಮಾತು ಕೇಳ್ತಿಲ್ಲ ದೊಡ್ಡಮ್ಮ, ಇದು ಅಮ್ಮನ ಕಡೆಯದು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಇನ್ನೊಂದು ಸಲ ಏಳಲಿ ಎಂದು ಕಾಯುತ್ತಲೇ ನಕ್ಕೆ. ಸಂಜೆ ನಾನು ಹೊರಡುವ ಹೊತ್ತಿಗೆ ಅದೂ ಇಳಿದಿತ್ತು. ಗೋಡೆಯ ಪರದೆಯನ್ನು ಆರಿಸಿದ್ದರು. ಪಾಠದ ಆರಂಭದಲ್ಲಿ ಬೆರಳಿನ ಸಂಗತಿಯನ್ನು ಸೇರಿಸುತ್ತೇವೆ, ಅಪ್ಪಣೆ ಇದೆಯೇ ಎಂದು ದೊಡ್ಡ ಡಾಕ್ಟರು ಕೇಳಿದರು. "ಅಯ್ಯೋ ಪಾಪ ಅಂತ ಮಾತ್ರ ಸೇರಿಸ್ಬೇಡಿ. ಅವಳಿಗಾಗಲ್ಲ" ಎಂದೆ.

ಗುಬ್ಬಿ ಬಸ್ಸಿನವರೆಗೆ ಬಂದಳು. "ಗುರುವಾರ ಬರ್ತೀರಲ್ಲ?" ಎಂದು ಕೇಳಿದಳು.

"ಕಿತ್ತಳೆ ತರ್ತೀನಿ. ತೂತು ಮಾಡಿದ್ದನ್ನ ನನಗೇ ಕೊಡಿ, ನನಗೆ ಅದೇ ರೂಢಿ" ಎಂದೆ.

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ತಂಗಿಯ ಸ್ವೆಟರುಗಳಲ್ಲಿ ಒಂದನ್ನು ತೊಟ್ಟಿದ್ದೆ. ತೇಪೆ ಹಾಕಿದ ಜಾಗ ನನ್ನ ಪಕ್ಕೆಗೆ ಒತ್ತುತ್ತಿತ್ತು. ಎಷ್ಟೋ ದಿನಗಳ ಮೇಲೆ ನನ್ನ ಬಾಯಿಂದ ಮಾತು ಹೊರಟಿತು.

ತಂದೆ, ಅವಳ ಬೆರಳನ್ನು ನನಗೆ ಬಿಡು ಎಂದು ಕೇಳಿದ್ದೆ. ಆ ಮಾತನ್ನು ಹಿಂದೆ ಪಡೆಯುತ್ತೇನೆ. ಅದನ್ನೂ ನೀನೇ ತೆಗೆದುಕೋ. ನೀನು ಮುಟ್ಟಿದರೆ ಅದು ಮಡಚೀತು. ಅವಳು ಕೂತಲ್ಲಿ ಅವಳ ಕೈಗೆ ಒಂದು ಆಧಾರ ಕೊಡು. ಮೊಣಕೈ ಪಕ್ಕೆಯಿಂದ ಸಡಿಲಲಿ, ಭುಜ ಇಳಿಯಲಿ, ಕಚ್ಚಿದ ಹಲ್ಲು ಬಿಡಲಿ. ಅವಳು ಸುಮ್ಮನೆ ಕೂರುವವಳಲ್ಲ, ನಿನಗೂ ಏನಾದರೂ ಎದುರು ಮಾತಾಡಿಯಾಳು. ಬೇಸರಪಡಬೇಡ, ತಾಯಿಯಿಲ್ಲದ ಮಗು, ನಾನೇ ಮುದ್ದು ಮಾಡಿ ಕೆಡಿಸಿದ್ದು. ಇನ್ನು ಅವಳಿಗೆ ನೋವು ಬೇಡ, ದಣಿವು ಬೇಡ, ಬಿಸಿನೀರಿನ ಬೋಗುಣಿ ಬೇಡ. ನನ್ನ ತಂಗಿಯ ಕೈ ನಿನ್ನ ಕೈಯಲ್ಲಿ ವಿಶ್ರಮಿಸಲಿ. ಅವಳ ಜೀವ ತಣ್ಣಗಿರಲಿ.